ಮನೆಯಂಗಳಕ್ಕೆ ಬಂದ ಪುನರ್ವಸತಿ



ದೇವನೂರಿನಂಥ ಹಳ್ಳಿಯಲ್ಲಿ ನಡೆಯಲಾಗದ ಮಗುವೊಂದಿದೆ ಎಂದುಕೊಳ್ಳಿ. ಚಿಕಿತ್ಸೆ ಬೇಕೆಂದರೆ ತಾಯಿ ಅದನ್ನು ಕಂಕುಳಲ್ಲಿ ಎತ್ತಿಕೊಂಡು ಬಸ್ಸು ಹತ್ತಿ ಮೈಸೂರಿಗೆ ಹೋಗಬೇಕು. ಅಂದಿನ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಅಲ್ಲಿ ಅರ್ಧ ಗಂಟೆ ವ್ಯಾಯಾಮ ಮಾಡಿಸಿ, "ಮುಂದಿನ ವಾರ ಮತ್ತೆ ಬನ್ನಿ" ಎನ್ನುತ್ತಾರೆ. ಅವಳು ನಾಲ್ಕು ವಾರ ಹೋದಾಳು. ಐದನೆಯ ವಾರ ಮಗು ಮನೆಯ ಮೂಲೆ ಸೇರುತ್ತದೆ. ಊರಿನವರು ಅದನ್ನು ಹಣೆಬರಹ ಎನ್ನುತ್ತಾರೆ.

ಮೈಸೂರಿನಲ್ಲಿ ಸಂಸ್ಥೆಗಳಿಗೆ ಕೊರತೆ ಇರಲಿಲ್ಲ. ಕಿವುಡ ಮತ್ತು ಅಂಧ ಮಕ್ಕಳ ಶಾಲೆ 1901ರಲ್ಲೇ ಆರಂಭವಾಯಿತು. 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಬಂತು. ಇವುಗಳ ಸೇವೆ ದೊಡ್ಡದು. ಆದರೆ ಸಂಸ್ಥೆಗಳು ಪಟ್ಟಣದಲ್ಲಿದ್ದವು, ಜನ ಹಳ್ಳಿಯಲ್ಲಿದ್ದರು. ಬಡ ದೇಶಗಳಲ್ಲೆಲ್ಲ ಇದೇ ಕಥೆ.

1978ರಲ್ಲಿ ಆಲ್ಮಾ ಆಟಾದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನವು ಆರೋಗ್ಯಸೇವೆ ಜನರಿದ್ದಲ್ಲಿಗೇ ಹೋಗಬೇಕೆಂದು ಸಾರಿತು. ಅದರ ಬೆನ್ನಲ್ಲೇ ವಿಶ್ವ ಆರೋಗ್ಯ ಸಂಸ್ಥೆ 'ಸಮುದಾಯ ಆಧಾರಿತ ಪುನರ್ವಸತಿ'ಯನ್ನು ರೂಪಿಸಿತು. ಸ್ವೀಡನ್ನಿನ ವೈದ್ಯ ಐನಾರ್ ಹೆಲಾಂಡರ್, ಶ್ರೀಲಂಕಾದ ಪದ್ಮಾನಿ ಮೆಂಡಿಸ್ ಮೊದಲಾದವರು ಬರೆದ ತರಬೇತಿ ಕೈಪಿಡಿ 1989ರಲ್ಲಿ ಹೊರಬಂತು. ಅದರ ತಿರುಳು ಸರಳ: ಊರಿನವರೊಬ್ಬರಿಗೆ ತರಬೇತಿ ಕೊಡಿ, ಅವರು ಮನೆಮನೆಗೆ ಹೋಗಿ ತಾಯಿಗೆ, ಅಣ್ಣನಿಗೆ, ಅಜ್ಜಿಗೆ ಕಲಿಸಲಿ. ನಡಿಗೆ ಕಲಿಯಲು ಅಂಗಳದಲ್ಲಿ ನೆಟ್ಟ ಎರಡು ಬಿದಿರಿನ ಗಳಗಳೂ ಸಾಕು. ಕಷ್ಟದ ಸಂಗತಿಗಳಿಗೆ ಮಾತ್ರ ದೊಡ್ಡಾಸ್ಪತ್ರೆ.

ಅನುಭವ ಮತ್ತೊಂದು ಪಾಠ ಕಲಿಸಿತು. ವ್ಯಾಯಾಮವಷ್ಟೇ ಆದರೆ ಭಾರವೆಲ್ಲ ತಾಯಿಯ ಹೆಗಲಿಗೇ ಬೀಳುತ್ತದೆ. ಕಾಲು ಗಟ್ಟಿಯಾದರೂ ಶಾಲೆಯ ಬಾಗಿಲು ತೆರೆಯದಿದ್ದರೆ ಮಗು ಮತ್ತೆ ಮೂಲೆಗೇ ಮರಳುತ್ತದೆ. ಆದ್ದರಿಂದಲೇ 2010ರ ಮಾರ್ಗಸೂಚಿಯಲ್ಲಿ ಆರೋಗ್ಯದ ಜೊತೆಗೆ ಶಿಕ್ಷಣ, ಜೀವನೋಪಾಯ, ಸಾಮಾಜಿಕ ಬದುಕು, ಸಬಲೀಕರಣ ಸೇರಿದವು.

ನಮ್ಮ ದೇಶದಲ್ಲಿ 1995ರ ಕಾಯಿದೆ ಏಳು ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು. 2016ರ ಕಾಯಿದೆ ಇಪ್ಪತ್ತೊಂದನ್ನು ಗುರುತಿಸಿದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು. ಅವರಿಗಾಗಿ ನಮ್ಮ ರಾಜ್ಯವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ನೇಮಿಸಿತು. ಇವರೂ ವಿಕಲಚೇತನರೇ. ನಿನ್ನೆ ಸಹಾಯ ಬೇಡುವವರೆಂದು ಕಂಡವರು ಇಂದು ಅರ್ಜಿ ಬರೆದುಕೊಡುತ್ತಾರೆ, ಪಿಂಚಣಿಯ ದಾರಿ ತೋರಿಸುತ್ತಾರೆ. ಗೌರವಧನ ಸ್ವಲ್ಪ, ಕೆಲಸ ಬಹಳ.

ಪ್ರಿಯರೇ, 'ಸಮುದಾಯ' ಎಂಬುದು ಸರ್ಕಾರಿ ಕಾಗದದ ಮಾತಲ್ಲ. ಅದು ನಾವೇ. ನಮ್ಮ ಬೀದಿಯಲ್ಲಿ ಹೊರಗೆ ಬಾರದೆ ಉಳಿದವರು ಯಾರು? ನಮ್ಮ ದೇವಾಲಯದ ಮೆಟ್ಟಿಲು ಯಾರನ್ನು ಆಚೆಯೇ ನಿಲ್ಲಿಸಿದೆ? ಆ ತಾಯಿಯ ಐದನೆಯ ವಾರಕ್ಕೆ ಜೊತೆಯಾಗಬೇಕಾದವರು ಪಕ್ಕದ ಮನೆಯವರು.