ಬೆಳಗಾವಿ 1924, ನಿಪ್ಪಾಣಿ 1925: ಒಂದೇ ಜಿಲ್ಲೆಯ ಎರಡು ಸಭೆಗಳು

ಜುಗೂಳದ ದಂಡೆಯಲ್ಲಿ ನಿಂತರೆ ಕೃಷ್ಣೆಯ ಆಚೆ ಖಿದ್ರಾಪುರ. ಈಚೆ ಬೆಳಗಾವಿ ಜಿಲ್ಲೆ, ಆಚೆ ಕೊಲ್ಹಾಪುರ ಜಿಲ್ಲೆ. ಸಂತೆಗೆ, ದವಾಖಾನೆಗೆ, ಬೀಗರ ಮನೆಗೆ ಅಂತ ನಮ್ಮ ಕಡೆಯವರು ಗಡಿ ದಾಟುತ್ತಲೇ ಇರುತ್ತಾರೆ. ಹೀಗೆಯೇ ಗಡಿ ದಾಟಿ ನಮ್ಮ ಸೀಮೆಗೆ ಬಂದ ಒಂದು ವಿಚಾರದ ಕಥೆಯನ್ನು ಈ ಸಲ ಹೇಳುತ್ತೇವೆ.

1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದದ್ದು ಎಲ್ಲರಿಗೂ ಗೊತ್ತು. ಮಹಾತ್ಮ ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಅಧಿವೇಶನ ಅದು. ಬಂದ ಜನರಿಗೆ ನೀರು ಬೇಕೆಂದು ಆಗ ತೋಡಿದ ಬಾವಿಯನ್ನು ಇಂದಿಗೂ ಕಾಂಗ್ರೆಸ್ ಬಾವಿ ಎಂದೇ ಕರೆಯುತ್ತಾರೆ.

ಅದಾಗಿ ನಾಲ್ಕೇ ತಿಂಗಳಿಗೆ, 1925ರ ಏಪ್ರಿಲ್‌ನಲ್ಲಿ, ಇದೇ ಜಿಲ್ಲೆಯ ನಿಪ್ಪಾಣಿಯಲ್ಲಿ ಇನ್ನೊಂದು ಸಭೆ ನಡೆಯಿತು. ಅದು ಮುಂಬಯಿ ಪ್ರಾಂತ್ಯದ ಅಸ್ಪೃಶ್ಯರ ಪರಿಷತ್ತು. ಅದಕ್ಕೆ ಬಂದವರು ಡಾ. ಭೀಮರಾವ್ ಅಂಬೇಡ್ಕರ್. ಈ ಸಭೆಯನ್ನು ನೆನೆಯುವವರು ಕಡಿಮೆ.

ಬೆಳಗಾವಿಯ ಸಭೆ ಕೇಳಿದ್ದು ಬ್ರಿಟಿಷರಿಂದ ಬಿಡುಗಡೆ. ನಿಪ್ಪಾಣಿಯಲ್ಲಿ ಕೂಡಿದ ಜನರಿಗೆ ಬೇಕಿದ್ದದ್ದು ಪಕ್ಕದ ಓಣಿಯವರಿಂದಲೂ ಬಿಡುಗಡೆ. ಬೆಳಗಾವಿಯ ಭಾಷಣದಲ್ಲಿ ಗಾಂಧೀಜಿಯೂ ಅಸ್ಪೃಶ್ಯತೆ ಸ್ವರಾಜ್ಯಕ್ಕೆ ಅಡ್ಡಿ ಎಂದಿದ್ದರು. ಆದರೆ ಅಡ್ಡಿ ತೆಗೆಯುವವರು ಯಾರು, ಮೇಲಿನವರ ಮನಸ್ಸು ಕರಗುವವರೆಗೆ ಕಾಯಬೇಕೇ ಎಂಬ ಪ್ರಶ್ನೆ ಉಳಿದಿತ್ತು. ಅಂಬೇಡ್ಕರ್ ಅವರ ಉತ್ತರ ಬೇರೆಯಾಗಿತ್ತು. ಅದರ ಬೇರು ಎಲ್ಲಿಯದು ಎಂದು ಹುಡುಕಿದರೆ ಬಹಳ ದೂರ ಹೋಗಬೇಕಾಗುತ್ತದೆ.

ಹದಿನೆಂಟನೇ ಶತಮಾನದ ಯುರೋಪಿನಲ್ಲಿ ಕೆಲವರು ಹೊಸ ಮಾತು ಶುರು ಮಾಡಿದರು. ರಾಜನ ಅಧಿಕಾರ ದೇವರು ಕೊಟ್ಟದ್ದಲ್ಲ, ಜನರು ಕೊಟ್ಟದ್ದು. ಹುಟ್ಟಿನಿಂದ ಯಾರೂ ಮೇಲಲ್ಲ, ಕೀಳಲ್ಲ. ಯಾವ ಮಾತನ್ನೇ ಆಗಲಿ ಬುದ್ಧಿಯಿಂದ ಒರೆಹಚ್ಚಿ ನೋಡಬೇಕು. ಶರಣರ ನಾಡಿನವರಾದ ನಮಗೆ ಇದು ಪೂರ್ತಿ ಹೊಸದೇನಲ್ಲ. ಆದರೆ ಅಲ್ಲಿ ಈ ಮಾತಿನ ಬಲದಿಂದ ರಾಜ್ಯಗಳೇ ಬದಲಾದವು.

ಟಾಮಸ್ ಪೇನ್ ಎಂಬ ಬಡ ಇಂಗ್ಲಿಷ್ ಮನುಷ್ಯನಿಗೆ ಬೆಂಜಮಿನ್ ಫ್ರಾಂಕ್ಲಿನ್ 1774ರಲ್ಲಿ ಪರಿಚಯ ಪತ್ರ ಕೊಟ್ಟು ಅಮೆರಿಕಕ್ಕೆ ಕಳಿಸಿದರು. 1776ರ ಜನವರಿಯಲ್ಲಿ ಪೇನ್ ಬರೆದ ಸಣ್ಣ ಪುಸ್ತಕ, ವಸಾಹತುಗಳು ಬ್ರಿಟಿಷ್ ರಾಜನನ್ನು ಬಿಡಬೇಕೆಂದು ಜನರ ಭಾಷೆಯಲ್ಲೇ ವಾದಿಸಿತು. ಆರು ತಿಂಗಳಲ್ಲಿ ಅಮೆರಿಕ ಸ್ವಾತಂತ್ರ್ಯ ಘೋಷಿಸಿತು. ಎಲ್ಲ ಮನುಷ್ಯರೂ ಸಮಾನರು ಎಂದು ಬರೆದ ಆ ಘೋಷಣೆಯನ್ನು ಸಿದ್ಧಪಡಿಸಿದ ಸಮಿತಿಯಲ್ಲಿ ಫ್ರಾಂಕ್ಲಿನ್ ಇದ್ದರು.

ಆದರೆ ಫ್ರಾಂಕ್ಲಿನ್ ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದವರು. ಮುಪ್ಪಿನಲ್ಲಿ ಮನಸ್ಸು ಬದಲಿಸಿ, 1790ರಲ್ಲಿ, ತೀರಿಕೊಳ್ಳುವ ಎರಡು ತಿಂಗಳ ಮೊದಲು, ಗುಲಾಮಗಿರಿಯ ವಿರುದ್ಧ ಅಮೆರಿಕದ ಸಂಸತ್ತಿಗೆ ಹೋದ ಅರ್ಜಿಗೆ ಸಹಿ ಹಾಕಿದರು. ಅರ್ಜಿ ಫಲಿಸಲಿಲ್ಲ. ದೇಶ ಸ್ವತಂತ್ರವಾದ ಎಷ್ಟೋ ವರ್ಷಗಳ ನಂತರ, 1865ರಲ್ಲಿ, ಅಲ್ಲಿ ಗುಲಾಮಗಿರಿ ರದ್ದಾಯಿತು.

ಇದನ್ನೆಲ್ಲ ಪುಣೆಯಲ್ಲಿ ಕುಳಿತು ಒಬ್ಬರು ಗಮನಿಸುತ್ತಿದ್ದರು. ಯುವಕನಾಗಿದ್ದಾಗಲೇ ಪೇನ್ ಬರೆದ ಮನುಷ್ಯ ಹಕ್ಕುಗಳ ಪುಸ್ತಕ ಓದಿದ್ದ ಜೋತಿಬಾ ಫುಲೆ ಅವರು. 1873ರಲ್ಲಿ ಬಂದ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ಫುಲೆ ಅವರು, ಕಪ್ಪುಜನರ ಬಿಡುಗಡೆಗೆ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಅದೇ ವರ್ಷ ಸತ್ಯಶೋಧಕ ಸಮಾಜ ಕಟ್ಟಿದರು.

ಪುಣೆಯಿಂದ ಈ ವಿಚಾರ ಕೊಲ್ಹಾಪುರಕ್ಕೆ ಬಂತು. ಅಲ್ಲಿನ ಶಾಹೂ ಮಹಾರಾಜರು 1902ರಲ್ಲೇ ತಮ್ಮ ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ಶೇಕಡಾ 50 ಮೀಸಲು ಇಟ್ಟರು. ಗಂಗಾರಾಮ ಕಾಂಬಳೆ ಎಂಬವರು ನೀರು ಮುಟ್ಟಿದ್ದಕ್ಕೆ ಹೊಡೆತ ತಿಂದಾಗ, ಅವರಿಗೆ ಹೋಟೆಲು ಹಾಕಲು ನೆರವು ಕೊಟ್ಟರು. ದಲಿತನ ಅಂಗಡಿಯ ಚಹಾ ಕುಡಿಯಲು ಜನ ಹಿಂಜರಿದಾಗ ಮಹಾರಾಜರೇ ಅಲ್ಲಿಗೆ ಹೋಗಿ ಚಹಾ ಕುಡಿದರು.

1920ರ ಮಾರ್ಚ್ 21 ಮತ್ತು 22ರಂದು ಈಗಿನ ಹಾತಕಣಂಗಲೆ ತಾಲೂಕಿನ ಮಾಣಗಾವದಲ್ಲಿ ದೊಡ್ಡ ಪರಿಷತ್ತು ಸೇರಿತು. ಅಧ್ಯಕ್ಷತೆ 28 ವರ್ಷದ ಅಂಬೇಡ್ಕರ್ ಅವರದು. ಅಲ್ಲಿಗೆ ಬಂದ ಶಾಹೂ ಮಹಾರಾಜರು, ನಿಮಗೆ ನಿಮ್ಮವನೇ ಆದ ನಾಯಕ ಸಿಕ್ಕಿದ್ದಾನೆ ಎಂಬ ಅರ್ಥದ ಮಾತಾಡಿದರು. ಆ ಪರಿಷತ್ತಿಗೆ ಐದು ವರ್ಷವಾದಾಗ ನಿಪ್ಪಾಣಿಯ ಸಭೆ.

ಅಂಬೇಡ್ಕರ್ ಅವರು 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದವರು. ಅಲ್ಲಿ ಅವರ ಗುರುಗಳಲ್ಲೊಬ್ಬರು ಜಾನ್ ಡ್ಯೂಯಿ. ಪ್ರಜಾಪ್ರಭುತ್ವ ಅಂದರೆ ಬರೀ ಓಟು, ಸರಕಾರ ಅಲ್ಲ, ಜನ ಕೂಡಿ ಬಾಳುವ ರೀತಿ ಎಂಬ ಡ್ಯೂಯಿ ಅವರ ವಿಚಾರವನ್ನು ಬಾಬಾಸಾಹೇಬರು ಕೊನೆತನಕ ಬಿಡಲಿಲ್ಲ. ಆ ಅಳತೆಗೋಲಿನಿಂದ ನೋಡಿದರೆ ನಮ್ಮ ಊರುಗಳ ಬಾವಿಕಟ್ಟೆಯೇ ಪ್ರಜಾಪ್ರಭುತ್ವದ ಪರೀಕ್ಷೆಯ ಜಾಗ.

1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಗೆ ಸಾವಿರಾರು ಜನರೊಂದಿಗೆ ಹೋಗಿ ಬಾಬಾಸಾಹೇಬರು ನೀರು ಕುಡಿದರು. ಅದೇ ಡಿಸೆಂಬರ್‌ನಲ್ಲಿ ಮಹಾಡದಲ್ಲಿ ಮತ್ತೆ ಸೇರಿದಾಗ, ನಮ್ಮ ಈ ಸಭೆ 1789ರಲ್ಲಿ ಫ್ರಾನ್ಸಿನಲ್ಲಿ ಕೂಡಿದ ಜನಪ್ರತಿನಿಧಿಗಳ ಸಭೆಯಂಥದ್ದು ಎಂದು ಹೋಲಿಸಿ ಹೇಳಿದರು. ಒಂದು ಬೊಗಸೆ ನೀರಿನ ಪ್ರಶ್ನೆಯನ್ನು ಅವರು ನೋಡಿದ್ದು ಇಷ್ಟು ದೊಡ್ಡದಾಗಿ.

ಹಾಗಾದರೆ ಅವರು ಬ್ರಿಟಿಷರ ಪರ ಇದ್ದರೇ? ಈ ಮಾತನ್ನು ನಾವು ಕಟ್ಟೆಯ ಮೇಲೂ ಕೇಳುತ್ತೇವೆ, ಫೋನಿನಲ್ಲಿ ಬರುವ ಸಂದೇಶಗಳಲ್ಲೂ ನೋಡುತ್ತೇವೆ. ಉತ್ತರ 1930ರ ನವೆಂಬರ್‌ನಲ್ಲಿ ಲಂಡನ್ನಿನ ದುಂಡು ಮೇಜಿನ ಪರಿಷತ್ತಿನಲ್ಲಿದೆ. ಬ್ರಿಟಿಷರ ಎದುರೇ ನಿಂತು ಅವರು ಕೇಳಿದರು: ನೀವು ಬರುವ ಮೊದಲು ನಾವು ಊರ ಬಾವಿಯಿಂದ ನೀರು ಸೇದುವಂತಿರಲಿಲ್ಲ, ನೀವು ಬಂದ ಮೇಲೆ ಆ ಹಕ್ಕು ಸಿಕ್ಕಿತೇ? ಗುಡಿಯ ಬಾಗಿಲು ತೆರೆಯಿತೇ? ಸಿಗಲಿಲ್ಲ, ತೆರೆಯಲಿಲ್ಲ. ಆದ್ದರಿಂದ ಜನರಿಂದಲೇ ನಡೆಯುವ ಸರಕಾರ ಬೇಕು, ಅದರಲ್ಲಿ ನಮ್ಮ ಕೈಯಲ್ಲೂ ಅಧಿಕಾರ ಇರಬೇಕು ಎಂಬುದು ಅವರ ವಾದ. ಸ್ವರಾಜ್ಯ ಬೇಡ ಎಂದವರಲ್ಲ ಅವರು. ಅದರಲ್ಲಿ ತಮ್ಮವರ ಪಾಲು ಎಷ್ಟು ಎಂದು ಮೊದಲೇ ಕೇಳಿದವರು.

ಅಮೆರಿಕದಲ್ಲಿ ಸ್ವಾತಂತ್ರ್ಯ ಮೊದಲು ಬಂತು, ಬಿಡುಗಡೆ ಎಂಟೊಂಬತ್ತು ದಶಕ ತಡವಾಯಿತು. ಇಲ್ಲಿ ಎರಡೂ ಒಂದೇ ಪುಸ್ತಕದಲ್ಲಿ ಇರಬೇಕು ಎಂಬುದು ಬಾಬಾಸಾಹೇಬರ ಹಟ. ಅವರು ಅಧ್ಯಕ್ಷರಾಗಿದ್ದ ಕರಡು ಸಮಿತಿ ಸಿದ್ಧಪಡಿಸಿದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಪೀಠಿಕೆಗೆ ಭ್ರಾತೃತ್ವ ಎಂಬ ಪದ ಸೇರಿದ್ದೂ ಈ ಸಮಿತಿಯಿಂದಲೇ. 1946ರಲ್ಲಿ ನೆಹರೂ ಅವರು ಮಂಡಿಸಿದ ಧ್ಯೇಯಗಳ ನಿರ್ಣಯದಲ್ಲಿ ಆ ಪದ ಇರಲಿಲ್ಲ.

1949ರ ನವೆಂಬರ್ 25ರ ಭಾಷಣದಲ್ಲಿ ಅವರು ಎಚ್ಚರಿಕೆಯನ್ನೂ ಕೊಟ್ಟರು. ರಾಜಕೀಯದಲ್ಲಿ ಎಲ್ಲರಿಗೂ ಒಂದೊಂದು ಓಟು ಸಿಕ್ಕಿತು, ಬದುಕಿನಲ್ಲಿ ಅಸಮಾನತೆ ಹಾಗೇ ಉಳಿದರೆ ಅದರಿಂದ ನೊಂದವರು ಈ ಕಟ್ಟಡವನ್ನೇ ಕೆಡವಬಹುದು ಎಂದರು. ಇನ್ನೊಂದು ಸಂಗತಿ. 1954ರ ಆಕಾಶವಾಣಿ ಭಾಷಣದಲ್ಲಿ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವವನ್ನು ಫ್ರಾನ್ಸಿನಿಂದ ಎರವಲು ತಂದಿಲ್ಲ, ನನ್ನ ಗುರು ಬುದ್ಧನಿಂದ ಪಡೆದೆ ಎಂದು ಹೇಳಿದರು. ಹೊರಗಿನ ದೇಶಗಳ ಚರಿತ್ರೆಯನ್ನು ಅರಿತವರು ಅವರು. ಆದರೆ ಮೂಲವನ್ನು ಈ ಮಣ್ಣಿನಲ್ಲೇ ಗುರುತಿಸಿದರು.

ನಮ್ಮ ಶಾಲೆಗಳಲ್ಲಿ ಮಕ್ಕಳು ಪೀಠಿಕೆ ಓದುವಾಗ ಭ್ರಾತೃತ್ವ ಎಂಬಲ್ಲಿ ನಾಲಿಗೆ ತಡವರಿಸುತ್ತದೆ. ಅರ್ಥ ಹೇಳಿಕೊಡಲು ಮನೆಯ ಹಿರಿಯರನ್ನೇ ಕೇಳಬಹುದು. ಆಯಿ, ನೀವು ಚಿಕ್ಕವರಿದ್ದಾಗ ಯಾರು ಯಾವ ಬಾವಿಯ ನೀರು ತರುತ್ತಿದ್ದರು? ಮುತ್ಯಾ, ಚಹಾದಂಗಡಿಯಲ್ಲಿ ಎಲ್ಲರಿಗೂ ಒಂದೇ ಕಪ್ಪು ಇತ್ತೇ? ಅದು ಯಾವಾಗ ಬದಲಾಯಿತು, ಬದಲಾಯಿಸಿದವರು ಯಾರು? ನಿಪ್ಪಾಣಿಯ ಸಭೆಯ ಸುದ್ದಿಯನ್ನು ತಮ್ಮ ಹಿರಿಯರ ಬಾಯಲ್ಲಿ ಕೇಳಿದವರು ನಿಮ್ಮ ಮನೆಯಲ್ಲೇ ಇರಬಹುದು. ಅವರು ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ನಮಗೂ ಕಳಿಸಿದರೆ ಬರೆಯುತ್ತೇವೆ.