ನೌಕರರ ನಡವಳಿಕೆ: ರಾಯಚೂರು ಸೀಮೆಯ ಸಾಮಾಜಿಕ, ನೈತಿಕ ಹಿನ್ನೆಲೆ

ಹೊತ್ತಿಗೆ ಸರಿಯಾಗಿ ಬರುವುದು, ಮನಸ್ಸಿಟ್ಟು ದುಡಿಯುವುದು, ಜೊತೆಗಾರರೊಡನೆ ಹೊಂದಿಕೊಳ್ಳುವುದು, ಹಣದ ವಿಷಯದಲ್ಲಿ ಕೈ ಶುದ್ಧವಾಗಿಟ್ಟುಕೊಳ್ಳುವುದು, ತಪ್ಪು ಕಂಡರೆ ಹೇಳುವುದು ಅಥವಾ ಸುಮ್ಮನಿರುವುದು: ಇವೆಲ್ಲ ನೌಕರರ ನಡವಳಿಕೆಯ ಭಾಗ. ಸಂಬಳ, ನಿಯಮಗಳಷ್ಟೇ ಅಲ್ಲ, ಜಾತಿ, ಊರು, ಸಾಲ, ನಂಬಿಕೆಗಳೂ ಇದನ್ನು ರೂಪಿಸುತ್ತವೆ. ಮಾನ್ವಿ, ದೇವದುರ್ಗ, ಲಿಂಗಸುಗೂರುಗಳನ್ನು ಒಳಗೊಂಡ ರಾಯಚೂರು ಸೀಮೆಯಲ್ಲಿ ಈ ವಿಚಾರ ಕಾರ್ಖಾನೆಗಳಿಗಿಂತ ಬಹಳ ಹಳೆಯದು.

ಅಶೋಕನ ಕಾಲದ ಒಂದು ಶಾಸನ ಅಧಿಕಾರಿಗಳನ್ನೇ ಉದ್ದೇಶಿಸಿ, ಅಸೂಯೆ, ಸಿಟ್ಟು, ಕ್ರೌರ್ಯ, ಆತುರ, ಸೋಮಾರಿತನಗಳು ನ್ಯಾಯವಾದ ಆಡಳಿತವನ್ನು ಕೆಡಿಸುತ್ತವೆ ಎಂದು ಎಚ್ಚರಿಸುತ್ತದೆ. ಒಡಿಶಾದ ಧೌಲಿಯಲ್ಲಿರುವ ಈ ಶಾಸನದ ಭಾಗಗಳು 1989ರಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕವು.

ಆದರೆ ಈ ನಾಡಿನಲ್ಲಿ ದುಡಿಮೆಯ ನೀತಿ ಎಂದೊಡನೆ ನೆನಪಾಗುವುದು 12ನೇ ಶತಮಾನದ ಕಾಯಕ ತತ್ವ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕಾಯಕ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ಮಾಡುವುದು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳುಹಿಸಿದಳೆಂದು ಐತಿಹ್ಯ. ಅನುಭವ ಮಂಟಪದ ಮಾತುಕತೆಯಲ್ಲಿ ಗಂಡ ಮೈಮರೆತಾಗ ಕಾಯಕದ ಹೊತ್ತಾಯಿತೆಂದು ಎಬ್ಬಿಸಿದವಳೂ ಆಕೆಯೇ. ಇಲ್ಲಿ ಗಮನಿಸಬೇಕಾದದ್ದು, ಲಕ್ಕಮ್ಮನ ಮೇಲೆ ಮೇಲ್ವಿಚಾರಕರು ಯಾರೂ ಇರಲಿಲ್ಲ. ಎಷ್ಟು ಸಾಕು ಎಂಬುದನ್ನು ದುಡಿಯುವವಳೇ ನಿರ್ಧರಿಸಿದಳು.

ಇದೇ ನಿಷ್ಠೆಯನ್ನು ಒಡೆಯರು ತಮ್ಮ ಅನುಕೂಲಕ್ಕೆ ತಿರುಗಿಸಿಕೊಂಡ ಚರಿತ್ರೆಯೂ ಉಂಟು. ಉಪ್ಪುಂಡ ಮನೆಗೆ ಎರಡು ಬಗೆಯಬಾರದು, ಪಡೆದ ಸಾಲ ತೀರಿಸದೆ ಹೋಗಬಾರದು ಎಂಬ ನೀತಿಯೇ ಜೀತಗಾರನನ್ನು ಕಟ್ಟಿಹಾಕುವ ಹಗ್ಗವಾಯಿತು. ಅಪ್ಪನ ಸಾಲಕ್ಕೆ ಮಗ ದುಡಿದ. ಬಿಟ್ಟು ಹೋಗುವ ಸ್ವಾತಂತ್ರ್ಯವಿಲ್ಲದವನ ಪ್ರಾಮಾಣಿಕತೆಯನ್ನು ಗುಣವೆಂದು ಹೊಗಳುವುದು ಸರಿಯಲ್ಲ. 1976ರ ಕಾಯ್ದೆ ಜೀತವನ್ನು ಅಪರಾಧವೆಂದು ಸಾರಿ, ಅದಕ್ಕೆ ಕಾರಣವಾದ ಸಾಲಗಳನ್ನೂ ರದ್ದು ಮಾಡಿತು. ಮುಂಗಡದ ಮುಲಾಜು ಮಾತ್ರ ಕಾನೂನಿನೊಂದಿಗೆ ಹೋಗಲಿಲ್ಲ. ದೇವದುರ್ಗ, ಮಾನ್ವಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರಲ್ಲಿ, ಮೇಸ್ತ್ರಿಯಿಂದ ಮುಂಗಡ ಪಡೆದವರಿಗೆ ಕೂಲಿ ಕಡಿಮೆಯೆಂದು ನಡುವೆ ಎದ್ದು ಬರುವುದು ಸುಲಭವಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಮಾನ್ವಿ ಭಾಗದಲ್ಲಿ ಭತ್ತ ಹಬ್ಬಿತು. ನಾಟಿಯನ್ನು ಎಕರೆ ಲೆಕ್ಕದಲ್ಲಿ ಗುತ್ತಿಗೆ ಹಿಡಿದ ಹೆಣ್ಣಾಳುಗಳು ಕೂಲಿಯನ್ನು ಸಮನಾಗಿ ಹಂಚಿಕೊಳ್ಳುವಲ್ಲಿ, ಮೈಗಳ್ಳತನಕ್ಕೆ ಗೌಡರ ಬೈಗುಳಕ್ಕಿಂತ ಪಕ್ಕದವಳ ನೋಟವೇ ದೊಡ್ಡ ಅಂಕುಶ. ಅಮೆರಿಕದ ಶಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಅಧ್ಯಯನಗಳು ಕಂಡದ್ದೂ ಇದರ ಇನ್ನೊಂದು ಮುಖವನ್ನೇ: ದಿನಕ್ಕೆ ಎಷ್ಟು ಕೆಲಸ ಎಂಬುದನ್ನು ಅಲ್ಲಿ ಕಾರ್ಮಿಕರ ಗುಂಪು ತನ್ನೊಳಗೇ ಗೊತ್ತುಮಾಡಿಕೊಂಡಿತ್ತು, ಹೆಚ್ಚು ಮಾಡಿದವನನ್ನು ಜೊತೆಗಾರರೇ ತಡೆಯುತ್ತಿದ್ದರು.

ಸೀಮೆಯ ಹಳೆಯ ದೊಡ್ಡ ಉದ್ಯಮ ಹಟ್ಟಿ ಚಿನ್ನದ ಗಣಿ. ಸುಮಾರು 2,000 ವರ್ಷಗಳ ಹಿಂದೆಯೇ ಇಲ್ಲಿ ಅಗೆತ ನಡೆದಿತ್ತು. ಇಂದಿನ ಕಂಪನಿ 1947ರಲ್ಲಿ ನಿಜಾಮರ ಆಳ್ವಿಕೆಯಲ್ಲಿ ಹೈದರಾಬಾದ್ ಹೆಸರಿನಲ್ಲಿ ಆರಂಭವಾಯಿತು. ನೆಲದಡಿ ಒಬ್ಬನ ಅಜಾಗರೂಕತೆ ಇನ್ನೊಬ್ಬನ ಪ್ರಾಣಕ್ಕೆ ಎರವಾಗುವುದರಿಂದ ಅಲ್ಲಿ ಶಿಸ್ತು ಬರೀ ಹಾಜರಿ ಪುಸ್ತಕದ ಮಾತಲ್ಲ. 1952ರ ಗಣಿ ಕಾಯ್ದೆ ನೆಲದಡಿಯ ದುಡಿಮೆಯನ್ನು ದಿನಕ್ಕೆ 8, ವಾರಕ್ಕೆ 48 ಗಂಟೆಗೆ ಮಿತಿಗೊಳಿಸಿತು, ಮಹಿಳೆಯರನ್ನು ಕೆಳಗಿಳಿಯದಂತೆ ತಡೆಯಿತು. 2019ರಲ್ಲಿ ತಾಂತ್ರಿಕ, ಮೇಲ್ವಿಚಾರಣೆ ಮತ್ತು ನಿರ್ವಹಣೆಯ ಕೆಲಸಗಳಿಗೆ ಆ ತಡೆ ಸಡಿಲವಾಯಿತು.

ಸರ್ಕಾರಿ ನೌಕರರ ಕತೆ ಬೇರೆ. ಅವರಿಗೆ 1966ರಿಂದಲೇ ನಡತೆ ನಿಯಮಗಳಿವೆ, 1984ರ ಕಾಯ್ದೆಯಿಂದ ಲೋಕಾಯುಕ್ತವೂ ಬಂತು. ಆದರೂ ತಹಶೀಲ್ದಾರ್ ಕಚೇರಿಯಲ್ಲಿ ಕಡತ ಮುಂದೆ ಸಾಗಲು ಪರಿಚಯ, ಮುಲಾಜು, ಕೈಬಿಸಿ ಬೇಕೆಂಬ ನಂಬಿಕೆ ಜನರಲ್ಲಿ ಉಳಿಯಿತು. 2011ರ ಸಕಾಲ ಕಾಯ್ದೆ ಹಿಡಿದ ದಾರಿ ಉಪದೇಶದ್ದಲ್ಲ, ಲೆಕ್ಕದ್ದು: ಗೊತ್ತಾದ ಅವಧಿಯೊಳಗೆ ಸೇವೆ ಸಿಗದಿದ್ದರೆ ಅರ್ಜಿದಾರರು ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು, ಆ ಹಣವನ್ನು ತಡಮಾಡಿದ ನೌಕರರಿಂದಲೇ ವಸೂಲು ಮಾಡಲಾಗುತ್ತದೆ.