ಆರೋಗ್ಯ ಅಸಮಾನತೆ ಎಂದರೇನು? ವೈದ್ಯ ವಿದ್ಯಾರ್ಥಿಗಳಿಗೆ ಈ ಪಾಠ ಏಕೆ ಬೇಕು? ಪುಣೆ ಹೇಳುವುದೇನು?

ಪುಣೆ: 1867ರಲ್ಲಿ ಆರಂಭವಾದ ಸಸೂನ್ ಆಸ್ಪತ್ರೆ, ಅದಕ್ಕೆ ಹೊಂದಿಕೊಂಡ ಬಿ.ಜೆ. ವೈದ್ಯಕೀಯ ಕಾಲೇಜು, 1948ರಲ್ಲಿ ಸ್ಥಾಪನೆಯಾದ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು ಪುಣೆಯಲ್ಲಿವೆ. ಡಾಕ್ಟರ್ ಆಗಬೇಕೆಂದು ದೇಶದ ನಾನಾ ಕಡೆಯ ಯುವಕ ಯುವತಿಯರು ಇಲ್ಲಿಗೆ ಬರುತ್ತಾರೆ. ಇದೇ ನಗರಕ್ಕೆ ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸ ಹುಡುಕಿಕೊಂಡು ಬರುವ ಕುಟುಂಬಗಳೂ ಇವೆ. ಈ ಇಬ್ಬರೂ ಮುಖಾಮುಖಿಯಾಗುವುದು ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ. ಎದುರಿಗಿರುವ ರೋಗಿಯ ಕಾಯಿಲೆಯನ್ನಷ್ಟೇ ಅಲ್ಲ, ಆ ಕಾಯಿಲೆ ಅವರಿಗೇ ಏಕೆ ಬಂತು ಎಂಬುದನ್ನೂ ವಿದ್ಯಾರ್ಥಿ ತಿಳಿಯಬೇಕು ಎಂಬುದೇ ಆರೋಗ್ಯ ಅಸಮಾನತೆಯ ಪಾಠ.

ಏನಿದು ಆರೋಗ್ಯ ಅಸಮಾನತೆ?

ಆದಾಯ, ಜಾತಿ, ಲಿಂಗ, ಊರು, ಉದ್ಯೋಗದ ಕಾರಣಕ್ಕೆ ಜನರ ಆರೋಗ್ಯದಲ್ಲಿ ಉಂಟಾಗುವ, ತಪ್ಪಿಸಬಹುದಾದ ಅಂತರವೇ ಆರೋಗ್ಯ ಅಸಮಾನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ಗ್ರಾಮೀಣ ಪ್ರದೇಶದಲ್ಲಿ ಹುಟ್ಟುವ ಪ್ರತಿ 1,000 ಮಕ್ಕಳಲ್ಲಿ 38 ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತವೆ. ನಗರಗಳಲ್ಲಿ ಈ ಸಂಖ್ಯೆ 27. ಹುಟ್ಟಿದ ಜಾಗವೇ ಮಗುವಿನ ಬದುಕನ್ನು ನಿರ್ಧರಿಸುತ್ತಿದೆ ಎಂದಾಯಿತು.

ಬ್ರಿಟನ್‌ನ ವೇಲ್ಸ್‌ನಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಒಂದು ಮಾತನ್ನು ಮುಂದಿಟ್ಟರು. ವೈದ್ಯಕೀಯ ಸೇವೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತದೆ ಎಂಬುದು ಅದರ ಸಾರ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಮೈಕೆಲ್ ಮಾರ್ಮಟ್ ನೇತೃತ್ವದಲ್ಲಿ ಆಯೋಗ ನೇಮಿಸಿತು. ಆರೋಗ್ಯದ ಸಾಮಾಜಿಕ ಕಾರಣಗಳ ಬಗ್ಗೆ ವೈದ್ಯರಿಗೆ ತರಬೇತಿ ಕೊಡಬೇಕು ಎಂದು ಅದು 2008ರ ವರದಿಯಲ್ಲಿ ಹೇಳಿತು.

ಪುಣೆಗೆ ಇದು ಹೊಸದಲ್ಲ

1897ರಲ್ಲಿ ಪುಣೆಯಲ್ಲಿ ಪ್ಲೇಗ್ ಹಬ್ಬಿದಾಗ ಸಾವಿತ್ರಿಬಾಯಿ ಫುಲೆ ಮತ್ತು ವೈದ್ಯರಾಗಿದ್ದ ಅವರ ದತ್ತುಪುತ್ರ ಯಶವಂತ ನಗರದ ಹೊರಗೆ ರೋಗಿಗಳಿಗೆ ಚಿಕಿತ್ಸಾಲಯ ನಡೆಸಿದರು. ರೋಗಿಗಳ ಸೇವೆ ಮಾಡುತ್ತಲೇ ಸೋಂಕು ತಗುಲಿ ಸಾವಿತ್ರಿಬಾಯಿ ಆ ವರ್ಷ ಮಾರ್ಚ್ 10ರಂದು ತೀರಿಕೊಂಡರು.

ಪುಣೆಯ ಕೆಇಎಂ ಆಸ್ಪತ್ರೆಯನ್ನು ದಶಕಗಳ ಕಾಲ ಮುನ್ನಡೆಸಿದ ಡಾ. ಬಾನೂ ಕೋಯಾಜಿ 1970ರ ದಶಕದಲ್ಲಿ ಸಮೀಪದ ವಡು ಗ್ರಾಮದಲ್ಲಿ ಗ್ರಾಮೀಣ ಆರೋಗ್ಯ ಯೋಜನೆ ಕಟ್ಟಿದರು. ರೋಗಿ ಆಸ್ಪತ್ರೆಗೆ ಬರಲಿ ಎಂದು ಕಾಯದೆ, ಹಳ್ಳಿಯವರನ್ನೇ ಆರೋಗ್ಯ ಕಾರ್ಯಕರ್ತರನ್ನಾಗಿ ತಯಾರು ಮಾಡಿದ್ದು ಇದರ ವಿಶೇಷ. 1993ರಲ್ಲಿ ಅವರಿಗೆ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ವಡು ಸುತ್ತಲಿನ 22 ಹಳ್ಳಿಗಳ ಜನನ, ಮರಣ, ವಲಸೆಯ ಮಾಹಿತಿಯನ್ನು 2002ರ ನಂತರ ನಿರಂತರವಾಗಿ ದಾಖಲಿಸಲಾಗುತ್ತಿದೆ.

ಪುಣೆಯ ಡಾ. ಅನಂತ ಫಡಕೆ ಅವರಂಥವರು ಸಕ್ರಿಯರಾಗಿದ್ದ 'ಮೆಡಿಕೊ ಫ್ರೆಂಡ್ ಸರ್ಕಲ್' 1974ರಿಂದ ವೈದ್ಯ ಶಿಕ್ಷಣದ ದಿಕ್ಕನ್ನೇ ಪ್ರಶ್ನಿಸುತ್ತಾ ಬಂದಿದೆ. ಪುಣೆಯ 'ಸಾಥಿ' ಸಂಸ್ಥೆ 2007ರಿಂದ ಮಹಾರಾಷ್ಟ್ರದಲ್ಲಿ ಸರ್ಕಾರಿ ಆರೋಗ್ಯ ಸೇವೆಯ ಮೇಲೆ ಜನರೇ ನಿಗಾ ಇಡುವ ಕಾರ್ಯಕ್ರಮವನ್ನು ಸಂಯೋಜಿಸಿತು. ಆಸ್ಪತ್ರೆಯಲ್ಲಿ ಏನು ಸಿಗಲಿಲ್ಲ ಎಂದು ಹಳ್ಳಿಯವರು ಜನಸುನವಾಯಿಯಲ್ಲಿ ಅಧಿಕಾರಿಗಳ ಎದುರೇ ಹೇಳತೊಡಗಿದರು.

ಪಠ್ಯಕ್ರಮದಲ್ಲಿ ಏನಿದೆ?

ಭೋರ್ ಸಮಿತಿ 1946ರಲ್ಲೇ ದೇಶಕ್ಕೆ 'ಸಾಮಾಜಿಕ ವೈದ್ಯ' ಬೇಕು ಎಂದಿತ್ತು. 1977ರ 'ರೋಮ್' ಯೋಜನೆ ವೈದ್ಯಕೀಯ ಕಾಲೇಜುಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಜೋಡಿಸಲು ಹೊರಟಿತು. 2019ರಲ್ಲಿ ಬಂದ ಹೊಸ ಎಂಬಿಬಿಎಸ್ ಪಠ್ಯಕ್ರಮದಲ್ಲಿ ರೋಗಿಯೊಂದಿಗಿನ ನಡವಳಿಕೆ, ನೈತಿಕತೆ, ಸಂವಹನ ಪ್ರತ್ಯೇಕ ಪಾಠವಾದವು.

2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಕುಟುಂಬ ದತ್ತು ಕಾರ್ಯಕ್ರಮ ತಂದಿತು. ಇದರಂತೆ ವಿದ್ಯಾರ್ಥಿ ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯವನ್ನು ಗಮನಿಸುತ್ತಾ ಹೋಗಬೇಕು. ವಾರ್ಧಾ ಬಳಿಯ ಸೇವಾಗ್ರಾಮದ ಮಹಾತ್ಮ ಗಾಂಧಿ ವೈದ್ಯಕೀಯ ಸಂಸ್ಥೆಯಲ್ಲಿ ಪ್ರತಿ ಬ್ಯಾಚ್ ಒಂದು ಹಳ್ಳಿಯನ್ನು ದತ್ತು ಪಡೆಯುವ ಪದ್ಧತಿ ಅದಕ್ಕೂ ಎಷ್ಟೋ ಮೊದಲಿನಿಂದ ಇದೆ. ಮಹಾರಾಷ್ಟ್ರ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2018ರಲ್ಲಿ ಎಂಬಿಬಿಎಸ್ ಪಾಠಗಳಲ್ಲಿ ಲಿಂಗ ತಾರತಮ್ಯದ ವಿಷಯ ಸೇರಿಸಲು ಒಪ್ಪಿಗೆ ನೀಡಿತು.

ಪಾಠ ಸಿಗದಿದ್ದರೆ ಏನಾಗುತ್ತದೆ?

ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಸಾವಿರಾರು ದಂಪತಿ ಕಬ್ಬು ಕಟಾವಿಗೆ ಪಶ್ಚಿಮ ಮಹಾರಾಷ್ಟ್ರ ಮತ್ತು ಕರ್ನಾಟಕಕ್ಕೆ ಹೋಗುತ್ತಾರೆ. 2019ರಲ್ಲಿ ಸರ್ಕಾರ ನೇಮಿಸಿದ ನೀಲಂ ಗೋರ್ಹೆ ಸಮಿತಿಯ ಮುಂದೆ ಬಂದ ಸಮೀಕ್ಷೆಯಲ್ಲಿ, ಸುಮಾರು 82 ಸಾವಿರ ಕಬ್ಬು ಕಟಾವು ಮಹಿಳೆಯರ ಪೈಕಿ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದು ಗೊತ್ತಾಯಿತು. ಕರ್ನಾಟಕದಲ್ಲೂ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ ಲಂಬಾಣಿ ಮಹಿಳೆಯರು ಇಂಥದ್ದೇ ಅನಗತ್ಯ ಶಸ್ತ್ರಚಿಕಿತ್ಸೆಯ ವಿರುದ್ಧ ಬೀದಿಗಿಳಿದಿದ್ದರು.

ಶಸ್ತ್ರಚಿಕಿತ್ಸೆ ಹೇಗೆ ಮಾಡಬೇಕು ಎಂಬುದನ್ನು ಪುಸ್ತಕ ಕಲಿಸುತ್ತದೆ. ಕೆಲಸ ತಪ್ಪಿದರೆ ಕೂಲಿ ಹೋಗುತ್ತದೆ, ದಂಡ ಬೀಳುತ್ತದೆ ಎಂಬ ಭಯದಲ್ಲಿ, ಗದ್ದೆಯಲ್ಲಿ ಶೌಚಾಲಯವೂ ಇಲ್ಲದೆ ದುಡಿಯುವ ಹೆಂಗಸು ಮುಟ್ಟಿನ ತೊಂದರೆಗೆ ಪರಿಹಾರ ಕೇಳಿ ಬಂದಾಗ ವೈದ್ಯರು ಏನು ಕೇಳಬೇಕು, ಏನು ವಿವರಿಸಬೇಕು ಎಂಬುದನ್ನು ಕಲಿಸುವುದು ಈ ಪಾಠ.

ಕ್ಷಯವೂ ಅಷ್ಟೇ. ಮಾತ್ರೆ ಉಚಿತ, ಆದರೆ ಹೊಟ್ಟೆಗೆ ಸರಿಯಾದ ಊಟವಿಲ್ಲದಿದ್ದರೆ ಚೇತರಿಕೆ ಕಷ್ಟ. ಹಾಗಾಗಿಯೇ ಕೇಂದ್ರ ಸರ್ಕಾರ 2018ರಿಂದ ನಿಕ್ಷಯ್ ಪೋಷಣ್ ಯೋಜನೆಯಡಿ ಕ್ಷಯ ರೋಗಿಗಳಿಗೆ ತಿಂಗಳಿಗೆ 500 ರೂಪಾಯಿ ಕೊಡತೊಡಗಿತು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿ ಆಗಿದೆ. ಈ ಹಣ ರೋಗಿಯ ಖಾತೆಗೆ ಬಂದಿದೆಯೇ ಎಂದು ವಿಚಾರಿಸುವುದೂ ಚಿಕಿತ್ಸೆಯ ಭಾಗವೇ.

ಕರ್ನಾಟಕದಲ್ಲಿ ಹೇಗೆ?

ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಸೋಲಿಗರ ಆರೋಗ್ಯವನ್ನು ಶಿಕ್ಷಣ ಮತ್ತು ಜೀವನೋಪಾಯದ ಜೊತೆ ಜೋಡಿಸಿತು. ರಾಜ್ಯ ಸರ್ಕಾರ 2012ರಲ್ಲಿ ವೈದ್ಯ ಪದವೀಧರರಿಗೆ ಒಂದು ವರ್ಷದ ಕಡ್ಡಾಯ ಸೇವೆಯ ಕಾಯ್ದೆ ಮಾಡಿತು. ಆದರೆ ಕಡ್ಡಾಯ ಸೇವೆ ವೈದ್ಯರನ್ನು ಹಳ್ಳಿಗೆ ಕಳುಹಿಸಬಹುದೇ ಹೊರತು, ಹಳ್ಳಿಯನ್ನು ಅರ್ಥ ಮಾಡಿಸಲಾರದು. ಅದಕ್ಕೆ ಓದುವ ದಿನಗಳಲ್ಲೇ ತಯಾರಿ ಬೇಕು.

ಸವಾಲುಗಳೇನು?

ಪಿಜಿ ಸೀಟಿನ ಪೈಪೋಟಿಯಲ್ಲಿ ಬಹು ಆಯ್ಕೆ ಪ್ರಶ್ನೆಗಳಿಗೆ ಸಿಗುವ ಬೆಲೆ ಸಮುದಾಯ ವೈದ್ಯಶಾಸ್ತ್ರಕ್ಕೆ ಸಿಗುವುದಿಲ್ಲ. ದತ್ತು ಪಡೆದ ಕುಟುಂಬದ ಭೇಟಿ ಲಾಗ್‌ಬುಕ್ ತುಂಬಿಸುವ, ಫೋಟೊ ತೆಗೆಯುವ ಕೆಲಸವಾಗಿ ಉಳಿಯುವ ಅಪಾಯವೂ ಇದೆ. ರೋಗ ಪತ್ತೆಯಾದ ಮೇಲೆ ಆ ಕುಟುಂಬಕ್ಕೆ ಚಿಕಿತ್ಸೆ ಸಿಗದಿದ್ದರೆ, ವಿದ್ಯಾರ್ಥಿಯ ಕಲಿಕೆಗೆ ಬಡವರು ಬಳಕೆಯಾದಂತಾಗುತ್ತದೆ.

ಹಾಗಾಗಿ ಈ ಪಾಠದ ಪರೀಕ್ಷೆ ನಡೆಯುವುದು ಕಾಲೇಜಿನ ಹಾಲ್‌ನಲ್ಲಲ್ಲ. ಚೀಟಿ ಬರೆಯುವ ಮೊದಲು 'ಎಲ್ಲಿ ಕೆಲಸ ಮಾಡ್ತೀರಿ? ಈ ಮಾತ್ರೆ ಕೊಳ್ಳೋಕೆ ಆಗುತ್ತಾ? ಮತ್ತೆ ಬರೋಕೆ ಬಸ್ ಇದೆಯಾ?' ಎಂದು ಯುವ ವೈದ್ಯರು ಕೇಳಿದರೆ ಅವರು ಪಾಸಾದಂತೆ.